ಸವೆದ ಕಡ್ಡಿ, ಸೋರುವ ಗಾಳಿ

ಹಾಸನದ ನಿವೃತ್ತ ಉಪಾಧ್ಯಾಯರೊಬ್ಬರಿಂದ ಈ ವಾರ ನನಗೊಂದು ಕಾಗದ ಬಂದಿದೆ. ಅವರ ಮನೆಯಲ್ಲಿ ಒಂದು ಹಳೆಯ ಅಂಬಾಸಡರ್ ಕಾರು ಉಂಟು. ಹೆದ್ದಾರಿಯಲ್ಲಿ ಓಡುವಾಗ ಅದಕ್ಕೆ ಯಾವ ರೋಗವೂ ಇಲ್ಲ. ಆದರೆ ಊರೊಳಗೆ ಬಂದು ಕೆಂಪು ದೀಪದೆದುರು ನಿಂತೊಡನೆ ಎಂಜಿನ್ನು ಒಮ್ಮೆ ಬುಸುಗುಟ್ಟುತ್ತ ಏರುತ್ತದೆ, ಒಮ್ಮೆ ಉಸಿರು ಕಟ್ಟಿದಂತೆ ಇಳಿಯುತ್ತದೆ, ಕಡೆಗೆ ನಿಂತೇಹೋಗುತ್ತದೆ. ಎರಡು ವರ್ಷಗಳಲ್ಲಿ ಕಾರ್ಬುರೇಟರಿಗೆ ಮೂರು ಸಲ ಹೊಸ ‘ಕಿಟ್’ ಹಾಕಿಸಿದ್ದಾಯಿತು. “ಇನ್ನು ಸಾಕು, ಗುಜರಿಗೆ ಕೊಟ್ಟುಬಿಡೋಣ ಅಪ್ಪ” ಎಂದು ಮಗ ಹೇಳುತ್ತಿದ್ದಾನಂತೆ. “ನನಗೆ ಎಪ್ಪತ್ತೆಂಟು, ಕಾರಿಗೆ ಐವತ್ತು. ನಮ್ಮಿಬ್ಬರಲ್ಲಿ ಮೊದಲು ಯಾರ ಸರದಿಯೋ ತಿಳಿಯದು. ತಮ್ಮ ಸಲಹೆಯೇನು?” ಎಂದು ಅವರು ಕಾಗದವನ್ನು ಮುಗಿಸಿದ್ದಾರೆ.

ಕಾಗದವನ್ನು ಓದಿ ನಕ್ಕೆನಾದರೂ ಆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ಏಕೆಂದರೆ ನಾನೂ ಅದೇ ಹಾದಿಯಲ್ಲಿ ನಡೆದು ಬಂದವನು.

ನನ್ನ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಒಂದು ಮಾರಿಸ್ ಮೈನರ್ ಕಾರೂ ಸೇರಿತ್ತು. 1948ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಕಾಣಿಸಿಕೊಂಡ ಈ ಪುಟ್ಟ ಕಾರನ್ನು ರೂಪಿಸಿದವರು ಅಲೆಕ್ ಇಸ್ಸಿಗೋನಿಸ್. ನಮ್ಮ ದೇಶದಲ್ಲಿ ಹಿಂದೂಸ್ಥಾನ್ ಮೋಟಾರ್ಸಿನವರು 1950ರ ದಶಕದಲ್ಲಿ ಇದನ್ನೇ ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಲ್ಲಿ ಮಾರಿದರು. ನಮ್ಮ ಮನೆಯ ಕಾರು ತಂದೆಯವರ ಕೈಗೆ ಬಂದಾಗಲೇ ಇಬ್ಬರ ಕೈ ದಾಟಿತ್ತು. ಅವರು ಹೋದ ಮೇಲೆ ಐದಾರು ವರ್ಷ ಅದು ಕೊಟ್ಟಿಗೆಯಲ್ಲಿ ಧೂಳು ಹೊದ್ದು ಮಲಗಿತ್ತು. ಒಂದು ದಿನ ನನ್ನ ತಾಯಿ, “ನಂಜನಗೂಡಿಗೆ ಒಮ್ಮೆ ಹೋಗಿ ಬರಬೇಕು ಕಣಪ್ಪ, ಆದರೆ ನಿಮ್ಮಪ್ಪನ ಕಾರಿನಲ್ಲಿ” ಎಂದರು. ಎಂಬತ್ತು ದಾಟಿದ ತಾಯಿಯ ಮಾತಿಗೆ ಎದುರಾಡುವುದುಂಟೆ? ಕಾರನ್ನು ಹೊರಕ್ಕೆ ತೆಗೆಸಿದೆ.

ಅಲ್ಲಿಂದ ನನ್ನ ಪಾಡು ಆರಂಭವಾಯಿತು. ಒಬ್ಬರು ಜೆಟ್ಟನ್ನು ಬದಲಾಯಿಸಿದರು. ಇನ್ನೊಬ್ಬರು ಕಾಯಿಲನ್ನೂ ಪ್ಲಗ್ಗುಗಳನ್ನೂ ಹೊಸದಾಗಿ ಹಾಕಿದರು. ಮೂರನೆಯವರು ಪೆಟ್ರೋಲ್ ಪಂಪನ್ನೇ ಬಿಚ್ಚಿಟ್ಟರು. ಎಲ್ಲರೂ ಕಡೆಯಲ್ಲಿ ಮಾಡುತ್ತಿದ್ದುದು ಒಂದೇ ಕೆಲಸ: ಎಂಜಿನ್ನು ನಿಲ್ಲದಿರಲೆಂದು ಐಡ್ಲಿಂಗ್ ತಿರುಪನ್ನು ಎರಡು ಸುತ್ತು ಬಿಗಿಮಾಡಿ, ಪೆಟ್ರೋಲಿನ ಪಾಲನ್ನು ಒಂದಿಷ್ಟು ಹೆಚ್ಚಿಸಿ ಕಳುಹಿಸುವುದು. ಎರಡು ದಿನ ನೆಟ್ಟಗಿರುತ್ತಿತ್ತು, ಮೂರನೆಯ ದಿನ ಹಳೆಯ ಕಥೆಯೇ. ಒಂದು ಸಂಜೆ ನಾಲ್ಕು ರಸ್ತೆ ಸೇರುವೆಡೆಯಲ್ಲಿ ಬಲಕ್ಕೆ ತಿರುಗುತ್ತಿದ್ದಾಗ ಎಂಜಿನ್ನು ಸುಮ್ಮನಾಯಿತು. ಹಿಂದಿನ ಆಸನದಲ್ಲಿ ತಾಯಿ, ಎದುರಿನಿಂದ ಇಳಿಜಾರಿನಲ್ಲಿ ಬರುತ್ತಿದ್ದ ಒಂದು ಬಸ್ಸು. ಚಾಲಕ ಪುಣ್ಯಾತ್ಮ, ಮೂರು ಮಾರು ದೂರದಲ್ಲಿ ನಿಲ್ಲಿಸಿದ. ಅಂದಿನ ರಾತ್ರಿ ನಾನು ಕಾರನ್ನು ಮಾರಿಬಿಡುವುದೆಂದು ತೀರ್ಮಾನಿಸಿದ್ದೆ.

ಮಾರುವ ಮುನ್ನ ಒಂದು ಕಡೆಯ ಪ್ರಯತ್ನವೆಂದು, ಬೆಂಗಳೂರಿನ ಜೆ. ಸಿ. ರಸ್ತೆಯ ಹಿಂದಣ ಓಣಿಯಲ್ಲಿದ್ದ ಒಬ್ಬ ಮುದುಕ ಟರ್ನರನ ಬಳಿಗೆ ಕಾರ್ಬುರೇಟರನ್ನು ಒಯ್ದೆ. ಆತ ಕನ್ನಡಕವನ್ನೇರಿಸಿ, ಏನನ್ನೂ ಬಿಚ್ಚದೆ, ಅದರ ಪಕ್ಕದ ಕಡ್ಡಿಯನ್ನು ಎರಡು ಬೆರಳಿನಿಂದ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದ. ಟಕ್ ಟಕ್ ಎಂದಿತು. “ಸ್ವಾಮಿ, ಇದರಲ್ಲಿ ಎಲ್ಲವನ್ನೂ ಹೊಸದು ಹಾಕಿಸಿದ್ದೀರಿ. ಹಳೆಯದಾಗಿ ಉಳಿದಿರುವುದು ಇದೊಂದೇ” ಎಂದ.

ಕಡ್ಡಿಯ ಕೆಲಸ

ಆ ಕಡ್ಡಿ ಯಾವುದೆಂಬುದನ್ನು ಸ್ವಲ್ಪ ವಿವರಿಸಬೇಕು. ಕಾರ್ಬುರೇಟರ್ ಎಂಬುದು ಗಾಳಿಗೆ ಪೆಟ್ರೋಲನ್ನು ಬೆರೆಸಿ ಎಂಜಿನ್ನಿಗೆ ಉಣಿಸುವ ಪಾತ್ರೆ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಹೆಚ್ಚುಕಡಮೆ 14.7 ಪಾಲು ಗಾಳಿ ಬೇಕು. ಈ ಮಿಶ್ರಣ ಎಷ್ಟು ಒಳಗೆ ಹೋಗಬೇಕೆಂಬುದನ್ನು ನಿರ್ಣಯಿಸುವುದು ಒಂದು ಹಿತ್ತಾಳೆಯ ಬಿಲ್ಲೆ. ಕೊಳವೆಯೊಳಗೆ ಬಾಗಿಲಿನಂತೆ ನಿಂತಿರುವ ಆ ಬಿಲ್ಲೆಯನ್ನು ಹೊತ್ತಿರುವುದೇ ಥ್ರಾಟಲ್ ಕಡ್ಡಿ. ನೀವು ಕಾಲಿನಿಂದ ಆಕ್ಸಿಲರೇಟರನ್ನು ಒತ್ತಿದಾಗ ಕಡ್ಡಿ ತಿರುಗುತ್ತದೆ, ಬಿಲ್ಲೆ ತೆರೆಯುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಕಡ್ಡಿ ಕೊಳವೆಯ ಗೋಡೆಯನ್ನು ಎರಡು ಕಡೆಯೂ ತೂರಿಕೊಂಡು ಹೋಗಿರುತ್ತದೆ. ಆ ಎರಡು ತೂತುಗಳೇ ಅದಕ್ಕೆ ಆಧಾರ.

ನಮ್ಮ ಕಾರಿನಲ್ಲಿದ್ದುದು ಎಸ್. ಯು. ಕಾರ್ಬುರೇಟರು. ಇದರ ಹುಟ್ಟು ಸ್ವಾರಸ್ಯವಾದುದು. ಲಂಡನ್ನಿನಲ್ಲಿ ಪಾದರಕ್ಷೆಯ ವ್ಯಾಪಾರ ಮಾಡುತ್ತಿದ್ದ ಸ್ಕಿನ್ನರ್ ಮನೆತನದ ಸೋದರರು 20ನೆಯ ಶತಮಾನದ ಆರಂಭದಲ್ಲಿ ಇದನ್ನು ಕಂಡುಹಿಡಿದರು. ‘ಸ್ಕಿನ್ನರ್ ಯೂನಿಯನ್’ ಎಂಬುದರ ಮೊದಲಕ್ಷರಗಳೇ ಎಸ್. ಯು. ಅವರ ಮೊದಲ ಕಾರ್ಬುರೇಟರಿನೊಳಗಿನ ತಿದಿ ತೊಗಲಿನದಾಗಿತ್ತು! ಮುಂದೆ ತೊಗಲು ಹೋಗಿ ಲೋಹದ ಕೊಂತ ಬಂದಿತು. ಕಡ್ಡಿ ಮಾತ್ರ ಕಡ್ಡಿಯಾಗಿಯೇ ಉಳಿಯಿತು, ಸವೆಯುವುದನ್ನೂ ಬಿಡಲಿಲ್ಲ.

ಏಕೆ ಸವೆಯುತ್ತದೆ? ಬಾವಿಯ ರಾಟೆಯನ್ನು ನೋಡಿದವರಿಗೆ ಹೇಳಬೇಕಾದುದಿಲ್ಲ. ಹಗ್ಗ ಸದಾ ಕೆಳಕ್ಕೇ ಜಗ್ಗುವುದರಿಂದ ರಾಟೆಯ ಅಚ್ಚು ಒಂದೇ ಮಗ್ಗುಲಿಗೆ ತೇಯುತ್ತದೆ. ಕೆಲವು ವರ್ಷಗಳಲ್ಲಿ ರಾಟೆ ವಾಲಾಡುತ್ತ ಕಿರುಗುಟ್ಟುತ್ತದೆ. ಕಾರ್ಬುರೇಟರಿನಲ್ಲಿಯೂ ಹಾಗೆಯೇ. ಸ್ಪ್ರಿಂಗು ಮತ್ತು ಎಳೆಗಂಬಿಗಳು ಕಡ್ಡಿಯನ್ನು ಒಂದೇ ದಿಕ್ಕಿಗೆ ಜಗ್ಗುತ್ತವೆ. ಎಂಜಿನ್ನು ಗಾಳಿಯನ್ನು ಹೀರುವಾಗ ಹೊರಗಣ ನುಣ್ಣನೆಯ ಧೂಳು ಸಂದಿಗೆ ನುಗ್ಗಿ ಸಾಣೆಯ ಪುಡಿಯಂತೆ ಕೆಲಸಮಾಡುತ್ತದೆ. ಕಡ್ಡಿಯಲ್ಲಿ ಸೊಂಟದಂತಹ ತಗ್ಗು ಬೀಳುತ್ತದೆ, ದುಂಡಗಿದ್ದ ತೂತು ಮೊಟ್ಟೆಯಾಕಾರ ತಾಳುತ್ತದೆ. ಎಳೆಗಂಬಿ ಇರುವ ಕಡೆಯಲ್ಲಿ ಸವೆತ ಸಾಮಾನ್ಯವಾಗಿ ಹೆಚ್ಚು.

ಸೋರಿಕೆಯ ಲೆಕ್ಕ

“ಕೂದಲೆಳೆಯಷ್ಟು ಸವೆದರೆ ಏನು ಮಹಾ?” ಎಂದು ಕೇಳಬಹುದು. ಒಂದು ಚಿಕ್ಕ ಲೆಕ್ಕ ಮಾಡೋಣ. ಕಡ್ಡಿಯ ವ್ಯಾಸ 8 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ತೂತು ಅದಕ್ಕಿಂತ 0.2 ಮಿಲಿಮೀಟರ್ ದೊಡ್ಡದಾಯಿತೆನ್ನಿ. ಅಂದರೆ ಸುತ್ತಲೂ 0.1 ಮಿಲಿಮೀಟರ್ ಸಂದು. ಆ ಉಂಗುರದ ಕ್ಷೇತ್ರಫಲ ಸುಮಾರು 2.5 ಚದರ ಮಿಲಿಮೀಟರ್. ಎರಡೂ ತುದಿ ಸೇರಿ 5. ಇದು 2.5 ಮಿಲಿಮೀಟರ್ ವ್ಯಾಸದ ಒಂದು ತೂತಿಗೆ ಸಮ. ಸಂದು ಕಿರಿದೂ ಉದ್ದವೂ ಆದುದರಿಂದ ಬಯಲು ತೂತಿನಲ್ಲಿ ನುಗ್ಗುವಷ್ಟು ಗಾಳಿ ಅದರಲ್ಲಿ ನುಗ್ಗದು, ನಿಜ. ಆದರೂ ನಿಂತಲ್ಲೇ ಮೆಲ್ಲನೆ ತಿರುಗುವ ಎಂಜಿನ್ನಿಗೆ ಬೇಕಾದ ಗಾಳಿಯೇ ಅತ್ಯಲ್ಪ. ಬಿಲ್ಲೆಯ ಅಂಚಿನಲ್ಲಿ ಬಿಟ್ಟಿರುವ ಎಡೆಯೂ ಕೂದಲೆಳೆಯಷ್ಟೇ. ಅಂಥಲ್ಲಿ ಲೆಕ್ಕಕ್ಕೆ ಸಿಕ್ಕದ ಗಾಳಿ ಕಳ್ಳಬಾಗಿಲಿನಿಂದ ಒಳಗೆ ಬಂದರೆ ಪಾಕ ಕೆಡದೆ ಇದ್ದೀತೆ? ನಾಲ್ಕು ಲೋಟದ ಮಜ್ಜಿಗೆಗೆ ಒಂದು ಲೋಟ ನೀರು ಹೆಚ್ಚಾದರೆ ನಾಲಗೆಗೆ ತಿಳಿಯುತ್ತದೆ. ಮದುವೆಮನೆಯ ಕೊಪ್ಪರಿಗೆಗೆ ಹೆಚ್ಚಾದರೆ ಯಾರಿಗೂ ತಿಳಿಯುವುದಿಲ್ಲ. ಹೆದ್ದಾರಿಯಲ್ಲಿ ಸರಿಯಾಗಿ ಓಡುವ ಕಾರು ಸಿಗ್ನಲ್ಲಿನಲ್ಲಿ ಸಾಯುವುದೇಕೆಂಬ ಒಗಟಿಗೆ ಉತ್ತರವಿದೇ.

ಇನ್ನೊಂದು ಮಾತು. ಬಿಲ್ಲೆ ಮುಚ್ಚಿರುವಾಗಲೇ ಎಂಜಿನ್ನಿನ ಹೀರುವಿಕೆ ಬಲವಾಗಿರುತ್ತದೆ. ಸಮುದ್ರದ ಮಟ್ಟದ ಊರಿನಲ್ಲಿ ಆರೋಗ್ಯವಾದ ಎಂಜಿನ್ನು ನಿಂತಲ್ಲಿ ತಿರುಗುವಾಗ ಮಾಪಕವು 18ರಿಂದ 20 ಅಂಗುಲ ಪಾದರಸದಷ್ಟು ನಿರ್ವಾತವನ್ನು ತೋರಿಸುತ್ತದೆ. 900 ಮೀಟರಿನಷ್ಟು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಎರಡು ಮೂರು ಅಂಗುಲ ಕಡಮೆ. ಹೀಗೆ ಸೋರಿಕೆಗೆ ಅತ್ಯಂತ ಅನುಕೂಲವಾದ ಗಳಿಗೆಯೇ ಎಂಜಿನ್ನು ಅತ್ಯಂತ ಬಡವಾಗಿರುವ ಗಳಿಗೆ.

ಸೋರಿಕೆಯಿಂದ ಪೆಟ್ರೋಲು ಉಳಿಯುವುದೆಂದು ಭ್ರಮಿಸಬೇಡಿ. ಎಂಜಿನ್ನು ನಿಲ್ಲದಿರಲೆಂದು ಮೇಸ್ತ್ರಿಗಳು ಪೆಟ್ರೋಲಿನ ಪಾಲನ್ನು ಏರಿಸುತ್ತಾರೆ, ಆ ಏರಿಕೆ ಹೆದ್ದಾರಿಯಲ್ಲಿಯೂ ಮುಂದುವರಿದು ಜೇಬನ್ನು ಸುಡುತ್ತದೆ. ಏರಿಸದೆ ಬಿಟ್ಟರೆ ಗಾಳಿ ಹೆಚ್ಚಾದ ಮಿಶ್ರಣದಿಂದ ಎಂಜಿನ್ನು ಕಾರ್ಬುರೇಟರಿನ ಮೂಲಕವೇ ಸೀನುತ್ತದೆ.

ಮನೆಯಲ್ಲಿಯೇ ಪರೀಕ್ಷೆ

ಮೊದಲನೆಯ ಪರೀಕ್ಷೆ ಮುದುಕ ಟರ್ನರನದೇ. ಎಂಜಿನ್ನು ಆರಿ ತಣ್ಣಗಾದ ಮೇಲೆ ಕಡ್ಡಿಯ ತುದಿಯನ್ನು ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ. ತಿರುಗುವುದು ಅದರ ಧರ್ಮ, ಅಲುಗುವುದಲ್ಲ. ಹೊಸತರಲ್ಲಿ ಇರಬೇಕಾದ ಎಡೆ ಸುಮಾರು 0.05 ಮಿಲಿಮೀಟರ್ ಮಾತ್ರ, ಅದು ಬೆರಳಿಗೆ ತಿಳಿಯುವುದೇ ಕಷ್ಟ. ಟಕ್ ಎಂಬ ಸದ್ದು ಕೇಳಿದರೆ ರೋಗ ತಿಳಿದಂತೆಯೇ.

ಎರಡನೆಯದು ಇದಕ್ಕೆ ಸಾಕ್ಷಿ. ಎಂಜಿನ್ನು ಮೆಲ್ಲನೆ ತಿರುಗುತ್ತಿರುವಾಗ ಕಡ್ಡಿ ಹೊರಬರುವ ಎರಡು ಕಡೆಯೂ ಕಡ್ಡಿಯಿಂದಲೋ ಕುಂಚದಿಂದಲೋ ಗಟ್ಟಿ ಗ್ರೀಸನ್ನು ಮೆತ್ತಿರಿ. ಬೆಲ್ಟು, ಫ್ಯಾನುಗಳಿಂದ ಕೈಯನ್ನೂ ಸೆರಗನ್ನೂ ದೂರವಿಡಬೇಕು. ಗ್ರೀಸು ಸಂದನ್ನು ಮುಚ್ಚಿದೊಡನೆ ಎಂಜಿನ್ನಿನ ಸ್ವರ ಬದಲಾದರೆ ಸೋರಿಕೆ ಅಲ್ಲಿಯೇ ಎಂದು ನಿಶ್ಚಯ. ಪೆಟ್ರೋಲನ್ನೋ ಉರಿಯುವ ಸಿಂಪರಣೆಯನ್ನೋ ಚೆಲ್ಲಿ ನೋಡುವವರೂ ಉಂಟು. ಬಿಸಿಯಾದ ಎಂಜಿನ್ನಿನ ಮೇಲೆ ಅಂಥ ಸಾಹಸ ಬೇಡ. ಕಾರ್ಬುರೇಟರ್ ಎಂಜಿನ್ನಿಗೆ ಸೇರುವೆಡೆಯ ಗ್ಯಾಸ್ಕೆಟ್ಟಿನಲ್ಲಿಯೂ ಗಾಳಿ ಸೋರುವುದುಂಟು, ಅಲ್ಲಿಗೂ ಇದೇ ಪರೀಕ್ಷೆ ಮಾಡಿ.

ಅಂಗಡಿಯ ‘ಕಿಟ್’ ಏಕೆ ಫಲ ಕೊಡಲಿಲ್ಲವೆಂಬುದು ಈಗ ತಿಳಿಯಿತಷ್ಟೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಗ್ಯಾಸ್ಕೆಟ್ಟುಗಳು, ಸೂಜಿ, ವಾಷರುಗಳು. ಕಡ್ಡಿಯಿರುವುದು ಅಪರೂಪ. ತೂತಂತೂ ಯಾವ ಪೊಟ್ಟಣದಲ್ಲಿಯೂ ಬರುವುದಿಲ್ಲ!

ರಿಪೇರಿಯ ಬಗೆ

ಇಲ್ಲಿಂದ ಮುಂದಿನ ಕೆಲಸ ಟರ್ನರನದು. ಆದರೆ ಏನು ಮಾಡಿಸಬೇಕೆಂಬುದನ್ನು ಮನೆಯವರೂ ತಿಳಿದಿರುವುದು ಲೇಸು. ಒಲೆ, ದೀಪ, ಬೀಡಿಗಳಿಂದ ದೂರದಲ್ಲಿ ಕಾರ್ಬುರೇಟರಿನ ಪೆಟ್ರೋಲನ್ನೆಲ್ಲ ಬಸಿದು ಬಿಚ್ಚಬೇಕು. ಬಿಲ್ಲೆಯನ್ನು ತೆಗೆಯುವ ಮುನ್ನ ಅದರ ಯಾವ ಮುಖ ಯಾವ ಕಡೆಗಿತ್ತೆಂದು ಗೆರೆ ಕೊರೆದು ಗುರುತಿಡಬೇಕು. ಏಕೆಂದರೆ ಅದು ಬರಿಯ ದುಂಡು ಬಿಲ್ಲೆಯಲ್ಲ. ಕೊಳವೆಯಲ್ಲಿ ಓರೆಯಾಗಿ ನಿಂತು ಮುಚ್ಚಬೇಕಾದುದರಿಂದ ಅಂಚನ್ನು ಇಳಿಜಾರಾಗಿ ಕಡೆದಿರುತ್ತಾರೆ. ತಿರುವುಮುರುವಾಗಿ ಹಾಕಿದರೆ ಎಂದಿಗೂ ಸರಿಯಾಗಿ ಮುಚ್ಚದು.

ಬಿಲ್ಲೆಯನ್ನು ಹಿಡಿದಿರುವ ಎರಡು ಪುಟ್ಟ ತಿರುಪುಗಳ ತುದಿಯನ್ನು ಸೀಳಿ ಅಗಲಿಸಿಯೋ ಬಡಿದು ಮೊಂಡುಮಾಡಿಯೋ ಬಿಟ್ಟಿರುತ್ತಾರೆ. ಆ ಭಾಗವನ್ನು ಅರದಿಂದ ತೇಯದೆ ಆತುರದಿಂದ ತಿರುಗಿಸಿದರೆ ತಿರುಪು ಮುರಿಯುತ್ತದೆ, ಇಲ್ಲವೆ ಕಡ್ಡಿಯ ಮರೆ ಕಿತ್ತುಬರುತ್ತದೆ.

ಕಡ್ಡಿಯನ್ನು ಹೊರಕ್ಕೆಳೆದ ಮೇಲೆ ಸವೆದೆಡೆಯನ್ನೂ ಸವೆಯದೆಡೆಯನ್ನೂ ಮೈಕ್ರೋಮೀಟರಿನಿಂದ ಅಳೆಯಬೇಕು. ಕಡ್ಡಿ ಮಾತ್ರ ಸವೆದಿದ್ದರೆ ಹೊಸ ಕಡ್ಡಿ ಹಾಕಿದರೆ ತೀರಿತು. ತೂತೂ ಸವೆದಿದ್ದರೆ ಎರಡು ದಾರಿಗಳುಂಟು. ಮೊದಲನೆಯದು, ತೂತುಗಳನ್ನು ರೀಮರಿನಿಂದ ಒಂದೇ ಅಳತೆಗೆ ದುಂಡಗೆ ಮಾಡಿ, ಅದಕ್ಕೆ ತಕ್ಕ ದಪ್ಪ ಕಡ್ಡಿಯನ್ನು ಕೂಡಿಸುವುದು. ಕೆಲವು ಮಾದರಿಗಳಿಗೆ ಹೀಗೆ ತುಸು ದಪ್ಪನೆಯ ಕಡ್ಡಿಗಳೇ ಸಿದ್ಧವಾಗಿ ದೊರೆಯುತ್ತವೆ. ಎರಡನೆಯದು, ತೂತನ್ನು ಇನ್ನಷ್ಟು ದೊಡ್ಡದು ಮಾಡಿ ಗನ್‌ಮೆಟಲ್ಲಿನ ಬುಷ್‌ಗಳನ್ನು ಕೂಡಿಸಿ, ಮೂಲ ಅಳತೆಯ ಕಡ್ಡಿಯನ್ನೇ ಹಾಕುವುದು. ಸವೆತ ಹೆಚ್ಚಾಗಿರುವಲ್ಲಿ ಇದೇ ಮೇಲು. ಮುಂದೆ ಎಂದಾದರೂ ಮತ್ತೆ ಸವೆದರೆ ಬುಷ್‌ಗಳನ್ನು ಮಾತ್ರ ಬದಲಾಯಿಸಬಹುದು, ಒಡಲಿಗೆ ಪೆಟ್ಟಿಲ್ಲ.

ಬುಷ್ ಕೂಡಿಸುವ ಕೆಲಸದ ಮರ್ಮವೆಲ್ಲ ಎರಡೂ ತೂತುಗಳನ್ನು ಒಂದೇ ನೇರಕ್ಕೆ ತರುವುದರಲ್ಲಿದೆ. ಕೈಯಲ್ಲಿ ಹಿಡಿದ ಡ್ರಿಲ್ಲು ಮೊಟ್ಟೆಯಾಕಾರದ ತೂತಿನಲ್ಲಿ ಸವೆದ ಮಗ್ಗುಲಿಗೇ ಜಾರುತ್ತದೆ. ಬಳಿಕ ಕಡ್ಡಿ ಓರೆಯಾಗಿ ಕುಳಿತು ಬಿಲ್ಲೆ ಗೋಡೆಗೆ ತಾಗಿ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಒಡಲನ್ನು ಯಂತ್ರದ ಮೇಲೆ ಬಿಗಿದು, ಸವೆಯದೆ ಉಳಿದಿರುವ ಭಾಗವನ್ನು ಗುರಿಯಾಗಿಟ್ಟುಕೊಂಡು ನಡುವನ್ನು ಹುಡುಕಿ ಕೊರೆಯಬೇಕು. ನಮ್ಮ ಮುದುಕ ಹಾಗೆ ಹೊಂದಿಸುವುದಕ್ಕೇ ಎರಡು ಗಂಟೆ ತೆಗೆದುಕೊಂಡ. ಕೊರೆದದ್ದು ಐದು ನಿಮಿಷ.

ಬುಷ್ಷನ್ನು ಬಹಳ ಬಿಗಿಯಾಗಿ ಒತ್ತಲೂ ಕೂಡದು. ಸತುವಿನ ಎರಕದ ಒಡಲಾದರೆ ಸೀಳಿಹೋದೀತು. ಸ್ವಲ್ಪ ಹದವಾಗಿ ಕೂರಿಸಿ ಲೋಹದ ಅಂಟಿನಿಂದ ಭದ್ರಪಡಿಸುವುದು ವಾಡಿಕೆ. ಬುಷ್ಷಿನ ಒಳತುದಿ ಕೊಳವೆಯೊಳಕ್ಕೆ ಚಾಚಿರಬಾರದು. ಕೆಲವು ಕಾರ್ಬುರೇಟರುಗಳಲ್ಲಿ ಕಡ್ಡಿಯ ಪಕ್ಕದಲ್ಲಿಯೇ ಪೆಟ್ರೋಲಿನ ಅಥವಾ ಗಾಳಿಯ ಸೂಕ್ಷ್ಮ ನಾಳಗಳು ಹಾದಿರುತ್ತವೆ. ಅವು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಕಡೆಯಲ್ಲಿ ಎರಡು ಬುಷ್‌ಗಳನ್ನೂ ಒಂದೇ ಉದ್ದನೆಯ ರೀಮರಿನಿಂದ ಒಟ್ಟಿಗೆ ಹದಮಾಡಿದರೆ ಕಡ್ಡಿ ತನ್ನ ಭಾರದಿಂದಲೇ ಸರಾಗವಾಗಿ ತಿರುಗುತ್ತದೆ, ಅಲುಗುವುದಿಲ್ಲ.

ಬಿಲ್ಲೆಯನ್ನು ಕೂಡಿಸುವಾಗ ತಿರುಪುಗಳನ್ನು ಸಡಿಲವಾಗಿಟ್ಟು, ಬಿಲ್ಲೆಯನ್ನು ಪೂರ್ಣ ಮುಚ್ಚಿ, ಅದು ತಾನೇ ತನ್ನ ನೆಲೆ ಕಂಡುಕೊಂಡ ಮೇಲೆ ಬಿಗಿಮಾಡಬೇಕು. ದೀಪದೆದುರು ಹಿಡಿದು ನೋಡಿದರೆ ಸುತ್ತಲೂ ಬೆಳಕು ಕಾಣಬಾರದು, ಕಂಡರೂ ಎಲ್ಲ ಕಡೆಯೂ ಒಂದೇ ಸಮನಾದ ಎಳೆಯಂತಿರಬೇಕು. ಬಳಿಕ ಹೊಸ ತಿರುಪುಗಳ ತುದಿಯನ್ನು ಅಗಲಿಸಿ ಭದ್ರಪಡಿಸಲೇಬೇಕು. ಬಡಿಯುವಾಗ ಕಡ್ಡಿ ಬಾಗದಂತೆ ಕೆಳಗೆ ಆಸರೆಯಿರಲಿ. ಈ ಒಂದು ಹೆಜ್ಜೆಯಲ್ಲಿ ಸೋಮಾರಿತನ ಸಲ್ಲದು. ಸಡಿಲವಾದ ತಿರುಪು ಬಿದ್ದರೆ ಹೋಗುವುದು ಬೇರೆಲ್ಲಿಗೂ ಅಲ್ಲ, ನೇರವಾಗಿ ಎಂಜಿನ್ನಿನ ಹೊಟ್ಟೆಗೆ. ಜೋಳದ ಕಾಳಿನಷ್ಟು ಹಿತ್ತಾಳೆ ಕವಾಟವನ್ನೂ ಕೊಂತವನ್ನೂ ಹಾಳುಮಾಡಬಲ್ಲದು.

ಮಾಸ್ತರರಿಗೆ ಉತ್ತರ

ನಮ್ಮ ಕಾರ್ಬುರೇಟರನ್ನು ಮರುದಿನ ಕೂಡಿಸಿ ಎಂಜಿನ್ನನ್ನು ಚಾಲೂ ಮಾಡಿದಾಗ ಮೊದಲು ನನಗೆ ಅನುಮಾನವಾಯಿತು. ಸದ್ದೇ ಇಲ್ಲ! ಬಾನೆಟ್ಟಿನ ಮೇಲೆ ಇಟ್ಟಿದ್ದ ತಿರುಪುಳಿ ನಡುಗುತ್ತಿದ್ದುದನ್ನು ಕಂಡು ಎಂಜಿನ್ನು ಓಡುತ್ತಿದೆಯೆಂದು ತಿಳಿದೆ. ತಾಯಿ ಹೊಸ್ತಿಲಲ್ಲಿ ನಿಂತಿದ್ದರು. “ನಿಮ್ಮಪ್ಪ ಇದ್ದಾಗ ಹೀಗೇ ಇತ್ತು” ಎಂದರು. ನಂಜನಗೂಡಿಗೆ ಹೋಗಿ ಬಂದೆವು. ದಾರಿಯಲ್ಲಿ ಎಷ್ಟು ಕಡೆ ನಿಂತೆವೋ ಅಷ್ಟು ಕಡೆಯೂ ಎಂಜಿನ್ನು ನಮಗಾಗಿ ಕಾದಿತ್ತು. ಮಾರನೆಯ ವರ್ಷ ತಾಯಿ ಇರಲಿಲ್ಲ.

ಟರ್ನರ್ ಆ ದಿನ ಕೇಳಿದ ಕೂಲಿ, ನಾನು ಅದುವರೆಗೆ ಬೇರೆ ಬೇರೆ ಕಡೆ ಚೆಲ್ಲಿದ್ದ ಹಣದ ಹತ್ತನೆಯ ಒಂದು ಭಾಗವೂ ಅಲ್ಲ. ಆತನ ಲೇತು ಈಗ ಅಲ್ಲಿಲ್ಲ. 2014ರಲ್ಲಿ ಅಂಬಾಸಡರ್ ಕಾರಿನ ತಯಾರಿಕೆಯೂ ನಿಂತುಹೋಯಿತು. ಹೊಸ ಕಾರುಗಳಲ್ಲಿ ಕಾರ್ಬುರೇಟರೇ ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಉಪಕರಣಗಳು ಬಂದಿವೆ. ಹೊಗೆ ಕಡಮೆಯಾಯಿತು, ಒಳ್ಳೆಯದೇ. ಆದರೆ ಎರಡು ಬೆರಳಿನಿಂದ ಅಲುಗಿಸಿ ರೋಗವನ್ನು ಹೇಳುವ ಕೈಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ಅಂಥವರು ಇನ್ನೂ ಸಿಕ್ಕುವಾಗಲೇ ಇಂಥ ಕೆಲಸವನ್ನು ಮಾಡಿಸಿಕೊಳ್ಳಬೇಕು.

ಆದುದರಿಂದ ಮಾನ್ಯರೆ, ನಾಲ್ಕನೆಯ ಕಿಟ್ ಕೊಳ್ಳಬೇಡಿ. ನಾಳೆ ಬೆಳಗ್ಗೆ ಕಾಫಿಯಾದ ಮೇಲೆ ಬಾನೆಟ್ಟನ್ನು ಎತ್ತಿ, ಆ ಕಡ್ಡಿಯನ್ನು ಅಲುಗಿಸಿ ನೋಡಿ. ಅಲುಗದಿದ್ದರೆ ರೋಗ ಬೇರೆಯಿದೆ, ನನಗೆ ಮತ್ತೆ ಬರೆಯಿರಿ. ಅಲುಗಿದರೆ ಮಗನನ್ನು ಕರೆದು ಅವನ ಬೆರಳಿನಿಂದಲೂ ಅಲುಗಿಸಿ. ಟಕ್ ಎಂಬ ಆ ಸದ್ದನ್ನು ಅವನೂ ಕೇಳಲಿ. ಕಾರ್ಬುರೇಟರಿನ ಒಡಲೇ ಸೀಳಿದ್ದರೆ, ಎಂಜಿನ್ನೇ ಮುಪ್ಪಾಗಿದ್ದರೆ ಮಗನ ಮಾತು ನಡೆಯಲಿ, ನಾನು ಅಡ್ಡಬರುವುದಿಲ್ಲ. ಆದರೆ ಕೂದಲೆಳೆಯಷ್ಟು ಸಂದಿಗಾಗಿ ಇಡೀ ಕಾರನ್ನು ಗುಜರಿಗೆ ಹಾಕುವುದು ಬೇಡ. ರಿಪೇರಿಯಾದ ಮೇಲೆ ತಿಂಗಳಿಗೊಮ್ಮೆ ಕಡ್ಡಿಯ ಎರಡು ತುದಿಗೂ ಒಂದೊಂದು ತೊಟ್ಟು ತೆಳ್ಳನೆಯ ಎಣ್ಣೆ ಬಿಡಿ, ಗಾಳಿಯ ಸೋಸುಕವನ್ನು ಶುಚಿಯಾಗಿಡಿ. ಐವತ್ತರ ಕಾರೂ ಎಪ್ಪತ್ತೆಂಟರ ತಾವೂ ಇನ್ನೂ ಬಹುಕಾಲ ಜೊತೆಯಾಗಿ ಓಡಾಡುವಿರೆಂದು ನನ್ನ ನಂಬಿಕೆ.